ಸಾಕ್ಷಿ ಶುರುವಾಗುವ ಮುಂಚಿನ ಕೋರ್ಟ್ ತಾರೀಖು: ರಾಯಚೂರು ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ರಿಮಿನಲ್ ಕೇಸಿನ ಮೊದಲ ಕೆಲವು ತಾರೀಖುಗಳ ಬಗ್ಗೆ ಜನ ಕೇಳುವುದು ಹೆಚ್ಚುಕಡಿಮೆ ಒಂದೇ. ಸಿಂಧನೂರಿನವರು ಫೋನ್ ಮಾಡಿ ಕೇಳುತ್ತಾರೆ, ದೇವದುರ್ಗದವರು ಪತ್ರ ಬರೆಯುತ್ತಾರೆ. ಜಾಸ್ತಿ ಜನ ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ವಕೀಲನಾಗಿ ನಾನು ಕೇಳಿಸಿಕೊಂಡ ಆ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಕೇಸು ಸಾಕ್ಷಿಯ ಹಂತಕ್ಕೆ ಬರುವ ಮುಂಚಿನ ಸಂಗತಿ ಮಾತ್ರ ಇಲ್ಲಿದೆ.

2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್, ಬಂದಿದೆ. ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್. ಅದಕ್ಕೂ ಮುಂಚೆ ನಡೆದ ಗಲಾಟೆಗೆ ಹಳೇ ಐಪಿಸಿ ಕಲಮುಗಳೇ ಇರುತ್ತವೆ. ನಿಮ್ಮ ಕಾಗದದಲ್ಲಿ ಹಳೇ ನಂಬರ್ ಕಂಡರೆ ಗಾಬರಿ ಬೇಡ.

### ಮೊದಲ ಸಲ ಹೋಗುವವರಿಗೆ

ಕೋರ್ಟಿಂದ ಸಮನ್ಸ್ ಬಂದದ. ಹೋದ ಕೂಡ್ಲೆ ಒಳಗ ಹಾಕ್ತಾರೇನ್ರಿ?

ಸಮನ್ಸ್ ಅಂದರೆ ಇಂಥ ದಿನ ಇಂಥ ಕೋರ್ಟಿಗೆ ಬನ್ನಿ ಎಂಬ ಕರೆ, ಅಷ್ಟೇ. ತನಿಖೆಯ ವೇಳೆ ಪೊಲೀಸರು ನಿಮ್ಮನ್ನು ಬಂಧಿಸಿರಲಿಲ್ಲ, ನೀವೂ ಸಹಕರಿಸಿದ್ದೀರಿ, ಅಪರಾಧಕ್ಕೆ 7 ವರ್ಷದೊಳಗಿನ ಶಿಕ್ಷೆ ಇದೆ ಅಂದುಕೊಳ್ಳಿ. ಅಂಥವರು ಕರೆದಾಗ ಬಂದರೆ ಕಸ್ಟಡಿಗೆ ತೆಗೆದುಕೊಳ್ಳದೆಯೇ ಜಾಮೀನಿನ ಅರ್ಜಿ ತೀರ್ಮಾನಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ನಮ್ಮ ಕಡೆಯ ಹೊಡೆದಾಟ, ಬದುವಿನ ಜಗಳ, ಕಾಲುವೆ ನೀರಿನ ತಕರಾರು ಎಲ್ಲ ಹೆಚ್ಚಾಗಿ ಈ ಗುಂಪಿಗೇ ಬರುತ್ತವೆ. ಒಳಗೆ ಹೋಗುವ ಭಯ ನಿಜವಾಗುವುದು ಸಮನ್ಸ್ ಬಂದರೂ ಹೋಗದೆ ಕೂತಾಗ.

ಸಮನ್ಸಿನಲ್ಲಿ ಕೋರ್ಟಿನ ಹೆಸರು, ತಾರೀಖು, ಕೇಸಿನ ನಂಬರು ನೋಡಿಕೊಳ್ಳಿ. ನಂಬರಿನ ಮುಂದೆ ಸಿ.ಸಿ. ಅಂತಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು, ಎಸ್.ಸಿ. ಅಂತಿದ್ದರೆ ಸೆಷನ್ಸ್ ಕೋರ್ಟು. ಠಾಣೆಯ ಎಫ್‌ಐಆರ್ ನಂಬರು ಬೇರೆ. ಅದನ್ನೇ ಹಿಡಿದುಕೊಂಡು ಕೋರ್ಟ್ ಹಾಲ್ ಹುಡುಕಿದರೆ ಅರ್ಧ ದಿನ ಅಲ್ಲೇ ಹೋಗುತ್ತದೆ.

ಅವತ್ತು ಜಡ್ಜ್ ಸಾಹೇಬ್ರು ಏನೇನು ಕೇಳ್ತಾರೆ? ಏನು ತಯಾರಿ ಮಾಡ್ಕೊಂಡು ಹೋಗ್ಬೇಕು?

ಬಹಳ ಜನ ರಾತ್ರಿಯಿಡೀ ನಿದ್ದೆಗೆಟ್ಟು, ಅವತ್ತು ಹೊಲದಲ್ಲಿ ಏನಾಯಿತು, ಯಾರು ಮೊದಲು ಕೈ ಎತ್ತಿದರು ಅಂತ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಅದನ್ನು ಯಾರೂ ಕೇಳುವುದಿಲ್ಲ. ಈ ಹಂತದಲ್ಲಿ ಕೋರ್ಟು ನೋಡುವುದು ಆರೋಪಿ ಬಂದಿದ್ದಾನಾ, ವಕೀಲರಿದ್ದಾರಾ, ಜಾಮೀನು ಇದೆಯಾ, ಚಾರ್ಜ್‌ಶೀಟಿನ ನಕಲು ಕೈಗೆ ಸಿಕ್ಕಿದೆಯಾ, ಇಷ್ಟನ್ನು. ನಿಮ್ಮ ಹೆಸರು ಕೂಗುತ್ತಾರೆ, ನೀವು ಕಟಕಟೆ ಹತ್ತಿರ ನಿಲ್ಲುತ್ತೀರಿ, ವಕೀಲರು ಎರಡು ಮಾತು ಹೇಳುತ್ತಾರೆ, ಮುಂದಿನ ತಾರೀಖು ಬೀಳುತ್ತದೆ. ಬೆಳಿಗ್ಗೆಯಿಂದ ಕಾದಿದ್ದಕ್ಕೆ ಇಷ್ಟೇನಾ ಅಂತ ಬೇಜಾರಾಗುತ್ತದೆ, ನಿಜ.

ಹಾಗಂತ ಈ ತಾರೀಖುಗಳನ್ನು ಹಗುರವಾಗಿ ತಗೊಳ್ಳಬೇಡಿ. ಇಲ್ಲಿ ಯಾರೂ ಕೇಸು ಗೆಲ್ಲುವುದಿಲ್ಲ, ಸೋಲುವುದಕ್ಕೆ ಮಾತ್ರ ದಾರಿಗಳಿವೆ: ಗೈರಾಗುವುದು, ನಕಲು ಓದದೆ ಕೂಡುವುದು, ಅರ್ಜಿ ಹಾಕುವ ಅವಧಿ ಕಳೆದುಕೊಳ್ಳುವುದು, ಕೇಳಿದ ತಕ್ಷಣ ‘ತಪ್ಪಾಯ್ತು’ ಅನ್ನುವುದು. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ನಾಲ್ಕರ ಸುತ್ತಲೇ ಇವೆ.

ಎಷ್ಟೊತ್ತಿಗೆ ಹೋಗ್ಬೇಕು, ಏನ್ ಹಿಡ್ಕೊಂಡು ಹೋಗ್ಬೇಕು?

ಕಲಾಪ ಸಾಮಾನ್ಯವಾಗಿ ಬೆಳಿಗ್ಗೆ 11ಕ್ಕೆ ಶುರು. ಹತ್ತೂವರೆಗೆ ಆವರಣದಲ್ಲಿರಿ. ಹೊರಗೆ ಅಂಟಿಸಿದ ಅವತ್ತಿನ ಪಟ್ಟಿಯಲ್ಲಿ ನಿಮ್ಮ ಕೇಸು ಎಷ್ಟನೆಯದು ಅಂತ ನೋಡಿಕೊಳ್ಳಿ. ಆಧಾರ್, ಸಮನ್ಸ್, ಹಿಂದಿನ ಕಾಗದಗಳ ಒಂದು ಕಡತ ಸಾಕು. ಫೋನ್ ಬಂದ್ ಮಾಡಿ ಜೇಬಿಗೆ ಹಾಕಿ. ಒಳಗೆ ಫೋಟೋ, ವಿಡಿಯೋ ತೆಗೆಯುವ ಹಾಗಿಲ್ಲ. ಬಟ್ಟೆಗೆ ನಿಯಮವೇನೂ ಇಲ್ಲ, ಹೊಲದ ಕೆಲಸದ ಬಟ್ಟೆಯಲ್ಲಿ ಬಂದರೂ ಯಾರೂ ಹೊರಗೆ ಹಾಕುವುದಿಲ್ಲ. ಕುಡಿದು ಮಾತ್ರ ಬರಬೇಡಿ. ಧೈರ್ಯಕ್ಕೆ ಅಂತ ಒಂದು ಗುಟುಕು ಹಾಕಿ ಬರುವವರು ಇದ್ದಾರೆ, ಅದಕ್ಕೇ ಹೇಳಿದ್ದು.

ಹೆಸರು ಕೂಗುವಾಗ ನೀವು ಚಹಾ ಕುಡಿಯಲು ಹೋಗಿದ್ದರೆ ಲೆಕ್ಕದಲ್ಲಿ ಗೈರು. ಎರಡನೇ ಸಲ ಕೂಗಿಸುವುದು ಕೋರ್ಟಿನ ದೊಡ್ಡತನ, ಅದನ್ನು ನಂಬಿಕೊಂಡು ಕೂಡಬಾರದು.

ನಂಗೆ ತೆಲುಗು ಬಿಟ್ರೆ ಬೇರೆ ಬರಲ್ಲ. ಅಲ್ಲಿ ಮಾತಾಡೋದು ತಿಳೀದಿದ್ರೆ?

ಗಡಿ ಊರುಗಳವರು, ಕ್ಯಾಂಪುಗಳವರು, ತಾಂಡಾದವರು ಇದನ್ನು ಕೇಳುತ್ತಾರೆ. ಕೇಳಬೇಕಾದ್ದೇ. ಆರೋಪವನ್ನು ಆರೋಪಿಗೆ ಓದಿ ಹೇಳಿದರೆ ಸಾಲದು, ತಿಳಿಯುವಂತೆ ವಿವರಿಸಬೇಕು ಎಂದು ಕಾನೂನಿದೆ. ತಿಳಿಯದಿದ್ದರೆ ತಲೆ ಆಡಿಸಬೇಡಿ. ‘ಅರ್ಥ ಆಗಲಿಲ್ಲ’ ಅಂತ ನಿಮ್ಮ ಭಾಷೆಯಲ್ಲೇ ಹೇಳಿ, ವಕೀಲರು ಅದನ್ನು ಕೋರ್ಟಿನ ಗಮನಕ್ಕೆ ತರುತ್ತಾರೆ.

ವಕೀಲ್ರಿಗೆ ಕೊಡೋಕೆ ರೊಕ್ಕ ಇಲ್ಲ. ನಾನೇ ನಿಂತು ಮಾತಾಡ್ಬಹುದಾ?

ಮಾತಾಡಬಹುದು, ತಡೆಯಿಲ್ಲ. ಆದರೆ ಹಾಗೆ ಮಾಡಬೇಡಿ, ಯಾಕೆಂದರೆ ಪುಕ್ಕಟೆ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು, ಕಸ್ಟಡಿಯಲ್ಲಿರುವವರು ಇವರಿಗೆಲ್ಲ ಆದಾಯದ ಪ್ರಶ್ನೆಯೇ ಇಲ್ಲ. ಉಳಿದವರಿಗೆ ಆದಾಯದ ಮಿತಿ ಇದೆ. ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲೂಕಿನವರು ತಮ್ಮ ಕೋರ್ಟಿನಲ್ಲೇ ತಾಲೂಕು ಸಮಿತಿಯನ್ನು ಕೇಳಬಹುದು. ಸಹಾಯವಾಣಿ 15100. ಜೈಲಿನಲ್ಲಿರುವವರು ಜೈಲಿನಿಂದಲೇ ಅರ್ಜಿ ಕೊಡಬಹುದು.

ಪುಕ್ಕಟೆ ವಕೀಲರು ಅಂದರೆ ಕೆಲಸವೂ ಪುಕ್ಕಟೆ ಥರ ಇರುತ್ತದೆ ಅನ್ನುವ ಮಾತು ಕೇಳಿದ್ದೇನೆ. ನನಗೆ ಹಾಗನ್ನಿಸಿಲ್ಲ. ದುಡ್ಡು ಕೊಟ್ಟು ಹಿಡಿದ ವಕೀಲರೂ ಕಡತ ಓದದೆ ಬರುವುದುಂಟು. ಯಾರೇ ಇರಲಿ, ‘ನಕಲು ಓದಿದ್ರಾ ಸಾರ್?’ ಅಂತ ಕೇಳುವ ಹಕ್ಕು ನಿಮಗಿದೆ.

### ಬಂಧನ ಮತ್ತು ಜಾಮೀನು

ತಮ್ಮನ್ನ ನಿನ್ನೆ ರಾತ್ರಿ ಹಿಡ್ಕೊಂಡು ಹೋದ್ರು. ಮುಂದೆ ಏನಾಗ್ತದೆ?

24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು, ದಾರಿಯ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಸಂವಿಧಾನದ 22ನೇ ವಿಧಿಯಲ್ಲೇ ಇದಿದೆ. ಭಾನುವಾರ, ಹಬ್ಬ ಅಂತ ರಿಯಾಯಿತಿ ಇಲ್ಲ, ರಜೆ ಇದ್ದರೆ ಮ್ಯಾಜಿಸ್ಟ್ರೇಟರ ಮನೆಗಾದರೂ ಕರೆದೊಯ್ಯುತ್ತಾರೆ. ಬಂಧಿಸಿದ್ದನ್ನು ಮನೆಯವರಿಗೋ ಗೆಳೆಯರಿಗೋ ತಿಳಿಸುವುದು ಪೊಲೀಸರ ಕರ್ತವ್ಯ. ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ತಡವಾದರೂ ರಿಮಾಂಡಿಗೆ, ಅಂದರೆ ಕಸ್ಟಡಿಗೆ ಒಪ್ಪಿಸಲು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವುದಕ್ಕೆ, ಕನಿಷ್ಠ 2 ಗಂಟೆ ಮುಂಚೆ ಕೈಗೆ ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ.

ಆ ಮೊದಲ ಹಾಜರಿಯಲ್ಲಿ ಮಾತ್ರ ಮ್ಯಾಜಿಸ್ಟ್ರೇಟರು ಆರೋಪಿಯನ್ನೇ ನೇರವಾಗಿ ಕೇಳುತ್ತಾರೆ: ಯಾವಾಗ ಹಿಡಿದರು, ಹೊಡೆದರಾ, ಮನೆಗೆ ತಿಳಿಸಿದರಾ. ಇಲ್ಲಿ ಸುಮ್ಮನಿರಬಾರದು. ಮೈಮೇಲೆ ಗಾಯ ಇದ್ದರೆ ತೋರಿಸಬೇಕು, ಎರಡು ದಿನದ ಹಿಂದೆಯೇ ಹಿಡಿದು ಇವತ್ತಿನ ತಾರೀಖು ಹಾಕಿದ್ದರೆ ಹೇಳಬೇಕು. ಹೊರಗೆ ನಿಂತ ಪೊಲೀಸರಿಗೆ ಹೆದರಿ ‘ಏನಿಲ್ಲ ಸಾರ್’ ಅಂದುಬಿಟ್ಟರೆ ಅದು ಆರ್ಡರ್ ಶೀಟಿನಲ್ಲಿ ಹಾಗೇ ದಾಖಲಾಗುತ್ತದೆ. ಆಮೇಲೆ ಅದನ್ನು ತಿದ್ದಿಸುವುದು ಕಷ್ಟ.

ರಿಮಾಂಡ್ ಅಂದ್ರೆ ಎಷ್ಟು ದಿನ? ಹೀಗೇ ಮುಂದಕ್ಕೆ ಹಾಕ್ತಾ ಹೋಗ್ತಾರಾ?

ಪೊಲೀಸ್ ಕಸ್ಟಡಿ ಒಟ್ಟು 15 ದಿನ ಮೀರುವಂತಿಲ್ಲ. ಹೊಸ ಕಾನೂನಿನಲ್ಲಿ ಅದನ್ನು ತುಂಡು ತುಂಡಾಗಿಯೂ ಕೇಳಬಹುದು. ಉಳಿದದ್ದು ನ್ಯಾಯಾಂಗ ಬಂಧನ, ಅಂದರೆ ಜೈಲು. ಅದನ್ನು ಒಂದು ಸಲಕ್ಕೆ 15 ದಿನದವರೆಗೆ ಮುಂದುವರಿಸುತ್ತಾರೆ. ಆಗೆಲ್ಲ ಆರೋಪಿಯನ್ನು ಜೈಲಿನಿಂದ ವಿಡಿಯೋದಲ್ಲಿ ತೋರಿಸುವುದೇ ಈಗ ಜಾಸ್ತಿ. ಮುಖ ನೋಡಲು ರಾಯಚೂರಿಗೆ ಬಂದು ಕಾಯುವ ಮನೆಯವರು ಮೊದಲು ವಕೀಲರನ್ನು ಕೇಳಿಕೊಳ್ಳುವುದು ಒಳ್ಳೆಯದು.

ಇದಕ್ಕೊಂದು ಗಡಿ ಇದೆ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಹಾಗೂ ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧವಾದರೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ ಬರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಸಿಗುತ್ತದೆ. ಮೊದಲ ರಿಮಾಂಡಿನ ದಿನವೂ ಎಣಿಕೆಗೆ ಸೇರುತ್ತದೆ. ಆದರೆ ಕೇಳದೆ ಕೊಡುವುದಿಲ್ಲ. ಅವಧಿ ಮುಗಿದ ಮಾರನೇ ದಿನವೇ ಅರ್ಜಿ ಹಾಕಬೇಕು. ಮಧ್ಯಾಹ್ನ ಹಾಕೋಣ ಅನ್ನುವಷ್ಟರಲ್ಲಿ ಬೆಳಿಗ್ಗೆ ಚಾರ್ಜ್‌ಶೀಟ್ ಬಂದು ಕೂತರೆ ಆ ಹಕ್ಕು ಹೋಯಿತು. ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೆಲಸವನ್ನು ವಕೀಲರಿಗೊಬ್ಬರಿಗೇ ಬಿಡಬೇಡಿ, ಮನೆಯವರೂ ಹಾಕಿ.

ಜಾಮೀನು ಆಗಿದೆ, ಆದ್ರೂ ಬಿಡ್ತಿಲ್ಲ ಯಾಕೆ?

ಜಾಮೀನು ಮಂಜೂರಾಗುವುದು ಒಂದು, ಜಾಮೀನುದಾರರು ಬಂದು ಸಹಿ ಹಾಕುವುದು ಇನ್ನೊಂದು. ಎರಡನೆಯದು ಆಗುವ ತನಕ ಬಿಡುಗಡೆಯ ಆದೇಶ ಜೈಲಿಗೆ ಹೋಗುವುದಿಲ್ಲ. ಜಾಮೀನುದಾರರು ಪಹಣಿ, ಆಧಾರ್, ಫೋಟೋ ಹಿಡಿದು ತಾವೇ ಬರಬೇಕು. ಹಿಂದೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೇನೆ ಅನ್ನುವುದನ್ನು ಬರೆದು ಕೊಡಬೇಕು. ಪಹಣಿಯಲ್ಲಿ ಅಪ್ಪನ ಹೆಸರು, ಆಧಾರಿನಲ್ಲಿ ಮಗನ ಹೆಸರು ಅಂತಾಗಿ ವಾಪಸ್ ಕಳಿಸುವುದು ನಮ್ಮಲ್ಲಿ ದಿನನಿತ್ಯದ ಮಾತು. ಪೌತಿ ಖಾತೆ (ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ) ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಕೋರ್ಟಿನ ಹೊರಗೆ ದುಡ್ಡಿಗೆ ಜಾಮೀನು ನಿಲ್ಲುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ಹತ್ತಿರ ಹೋಗಬೇಡಿ. ಕಾಗದ ಸುಳ್ಳಾದರೆ ಇನ್ನೊಂದು ಕೇಸು ನಿಮ್ಮ ತಲೆಗೇ ಬರುತ್ತದೆ. ಜಾಮೀನುದಾರರು ಸಿಗದಿದ್ದರೆ ಷರತ್ತು ಸಡಿಲಿಸಿ ಅಂತ ಅದೇ ಕೋರ್ಟನ್ನು ಕೇಳಬಹುದು, ನಗದು ಠೇವಣಿಗೆ ಅವಕಾಶ ಕೇಳಬಹುದು. ಜಾಮೀನು ಕೊಡಲೇಬೇಕಾದ ಸಣ್ಣ ಅಪರಾಧಗಳಲ್ಲಿ ಒಂದು ವಾರದಲ್ಲಿ ಜಾಮೀನುದಾರ ಸಿಗಲಿಲ್ಲ ಅಂದರೆ ಆ ವ್ಯಕ್ತಿ ಬಡವ ಎಂದೇ ತಿಳಿದು ಬರೀ ಮುಚ್ಚಳಿಕೆ ಮೇಲೆ ಬಿಡಬೇಕು.

### ಚಾರ್ಜ್‌ಶೀಟ್ ಬಂದ ಮೇಲೆ

ಚಾರ್ಜ್‌ಶೀಟ್ ಹಾಕಿದಾರೆ ಅಂದ್ರೆ ತಪ್ಪು ಸಾಬೀತಾದಂಗಾ?

ಖಂಡಿತ ಇಲ್ಲ. ಅದು ಪೊಲೀಸರ ವರದಿ, ‘ನಮ್ಮ ತನಿಖೆಯಲ್ಲಿ ಇಷ್ಟು ಸಿಕ್ಕಿದೆ’ ಅಂತ. ಅದನ್ನು ಓದಿ ಯಾವ ಆರೋಪ ನಿಲ್ಲುತ್ತದೆ ಅಂತ ತೀರ್ಮಾನಿಸುವುದು ಕೋರ್ಟು, ಅದು ಬೇರೆ ದಿನದ ಕೆಲಸ. ಈ ನಡುವಿನ ಹಂತಕ್ಕೆ ಆರ್ಡರ್ ಶೀಟಿನಲ್ಲಿ ಎಚ್‌ಬಿಸಿ ಅಂತ ಬರೆಯುತ್ತಾರೆ, ಅಂದರೆ ‘ಹಿಯರಿಂಗ್ ಬಿಫೋರ್ ಚಾರ್ಜ್’, ಕೋರ್ಟು ಆರೋಪ ಹೊರಿಸುವ (ಚಾರ್ಜ್) ಮುಂಚಿನ ವಾದ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ಮೂರಕ್ಷರ ನೋಡಿ ಏನೋ ಕಾಯಿಲೆ ಹೆಸರಿನ ಹಾಗಿದೆಯಲ್ಲ ಅಂದವರಿದ್ದಾರೆ.

ನಕಲು ಕೊಡೋಕೆ ಗುಮಾಸ್ತರಿಗೆ ದುಡ್ಡು ಕೊಡ್ಬೇಕಾ?

ಬೇಡ. ಆರೋಪಿ ಹಾಜರಾದ 14 ದಿನದೊಳಗೆ ಎಫ್‌ಐಆರ್, ಪೊಲೀಸ್ ವರದಿ, ಸಾಕ್ಷಿಗಳ ಹೇಳಿಕೆ, ಮ್ಯಾಜಿಸ್ಟ್ರೇಟ್ ಮುಂದೆ ದಾಖಲಿಸಿದ ಹೇಳಿಕೆ, ಜೊತೆಗಿರುವ ದಾಖಲೆ ಎಲ್ಲದರ ನಕಲು ಉಚಿತವಾಗಿ ಕೊಡಬೇಕು. ಇದು ಬಿಎನ್‌ಎಸ್‌ಎಸ್ 230ನೇ ಕಲಮು. ಎಲೆಕ್ಟ್ರಾನಿಕ್ ರೂಪದಲ್ಲೂ ಕೊಡಬಹುದು.

ನಕಲು ಸಿಕ್ಕಿದೆ ಅಂತ ಸಹಿ ಹಾಕುವ ಮುಂಚೆ ಪುಟ ಎಣಿಸಿ. ಗಾಯದ ಸರ್ಟಿಫಿಕೇಟ್ ಇಲ್ಲ, ಪಂಚನಾಮೆಯ ಎರಡನೇ ಪುಟ ಇಲ್ಲ, ಫೋಟೋ ಕಪ್ಪಗೆ ಬಂದಿದೆ, ಇಂಥವು ಆಗುತ್ತಲೇ ಇರುತ್ತವೆ. ಅವತ್ತೇ ಹೇಳಿದರೆ ಸರಿಯಾಗಿ ಸಿಗುತ್ತದೆ. ಆಮೇಲೆ ಮನೆಯಲ್ಲಿ ಕೂತು ಓದಿಸಿಕೊಳ್ಳಿ. ಅಕ್ಷರ ಬರದಿದ್ದರೆ ಓದುವ ಮಗಳ ಕೈಲಿ ಓದಿಸಿ. ಜಾಗ ತಪ್ಪಾಗಿದೆಯಾ, ಅವತ್ತು ಊರಲ್ಲೇ ಇರದವರು ಸಾಕ್ಷಿ ಪಟ್ಟಿಯಲ್ಲಿದ್ದಾರಾ ಅನ್ನುವುದು ನಿಮಗೆ ತಿಳಿದಷ್ಟು ನಿಮ್ಮ ವಕೀಲರಿಗೆ ತಿಳಿಯುವುದಿಲ್ಲ.

ಸಾಕ್ಷಿ ಶುರುವಾಗೋಕ್ಕಿಂತ ಮುಂಚೆನೇ ಕೇಸಿಂದ ಹೊರಗೆ ಬರೋಕಾಗಲ್ವಾ?

ಕೆಲವು ಕೇಸುಗಳಲ್ಲಿ ಆಗುತ್ತದೆ. ಅದಕ್ಕೆ ಡಿಸ್‌ಚಾರ್ಜ್ ಅರ್ಜಿ ಅನ್ನುತ್ತಾರೆ. ಪೊಲೀಸರು ಕೊಟ್ಟ ಕಾಗದವನ್ನೆಲ್ಲ ನಿಜ ಅಂತಲೇ ಇಟ್ಟುಕೊಂಡರೂ ಇವನ ಮೇಲೆ ಆರೋಪ ನಿಲ್ಲುವುದಿಲ್ಲ ಅಂತ ತೋರಿಸಬೇಕು. ಮ್ಯಾಜಿಸ್ಟ್ರೇಟ್ ಕೋರ್ಟಿನ ವಾರಂಟ್ ಕೇಸಿನಲ್ಲಿ (ಶಿಕ್ಷೆ 2 ವರ್ಷ ಮೀರುವ ಕೇಸು) ನಕಲು ಕೈಗೆ ಬಂದ ದಿನದಿಂದ 60 ದಿನದೊಳಗೆ, ಸೆಷನ್ಸ್ ಕೇಸಿನಲ್ಲಿ ಕೇಸು ಅಲ್ಲಿಗೆ ಒಪ್ಪಿಸಿದ ದಿನದಿಂದ 60 ದಿನದೊಳಗೆ ಈ ಅರ್ಜಿ ಹಾಕಬೇಕು. ಹಳೇ ಕಾನೂನಿನಲ್ಲಿ ಇಂಥ ಗಡುವು ಇರಲಿಲ್ಲ. ಆ ಹಳೇ ಅಭ್ಯಾಸದಲ್ಲೇ ‘ಮುಂದಿನ ತಾರೀಖಿಗೆ ನೋಡೋಣ’ ಅನ್ನುವವರು ಇನ್ನೂ ಇದ್ದಾರೆ.

ಈಗ ನಮ್ಮ ಕಡೆಯ ಮಾಮೂಲಿ ಹೊಡೆದಾಟದ ಕೇಸು ತಗೊಳ್ಳಿ. ಮೊದಲು ಐಪಿಸಿ 323 (ಕೈಯಿಂದ ಹೊಡೆದದ್ದು), 324 (ಆಯುಧದಿಂದ ಗಾಯ), 504 (ಬೈದದ್ದು), 506 (ಬೆದರಿಕೆ) ಅಂತಿತ್ತು, ಊರ ಕಟ್ಟೆ ಮೇಲೆ ಕೂತವರಿಗೂ ಈ ನಂಬರು ಬಾಯಿಪಾಠ. ಈಗ ಬಿಎನ್‌ಎಸ್‌ನಲ್ಲಿ ಅವೇ ಕ್ರಮವಾಗಿ 115(2), 118(1), 352, 351(2) ಆಗಿವೆ. ಬರೀ 115(2), 352, 351(2) ಇದ್ದರೆ ಶಿಕ್ಷೆ 2 ವರ್ಷ ಮೀರುವುದಿಲ್ಲ, ಹಾಗಾಗಿ ಅದು ಸಮನ್ಸ್ ಕೇಸು. ಅಲ್ಲಿ ಮ್ಯಾಜಿಸ್ಟ್ರೇಟ್ ಮುಂದೆ ಡಿಸ್‌ಚಾರ್ಜ್ ಅನ್ನುವ ಹಂತವೇ ಇಲ್ಲ, ನೇರವಾಗಿ ಆರೋಪ ಹೇಳಿ ಉತ್ತರ ಕೇಳುತ್ತಾರೆ. ಕುಡಗೋಲು, ಕೊಡಲಿ ಅಂತ 118(1) ಸೇರಿತೋ, 3 ವರ್ಷದವರೆಗೆ ಶಿಕ್ಷೆ ಇರುವುದರಿಂದ ವಾರಂಟ್ ಕೇಸಾಗುತ್ತದೆ, ಡಿಸ್‌ಚಾರ್ಜ್ ಬಾಗಿಲು ತೆರೆಯುತ್ತದೆ.

ಎಲ್ಲರಿಗೂ ಈ ಅರ್ಜಿ ಹಾಕಿ ಅಂತ ನಾನು ಹೇಳುವುದಿಲ್ಲ. ಜಗಳದಲ್ಲಿ ಇಲ್ಲದ ಅಣ್ಣ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಳಿಯ, ಹಾಸಿಗೆ ಹಿಡಿದ ತಂದೆ, ಹೀಗೆ ಮನೆಮಂದಿಯನ್ನೆಲ್ಲ ಎಳೆದು ತಂದಿರುತ್ತಾರಲ್ಲ, ಅವರ ಮೇಲೆ ಪೊಲೀಸ್ ಕಾಗದದಲ್ಲೇ ಒಂದು ಸಾಲಿನ ಆರೋಪವೂ ಇಲ್ಲದಿದ್ದರೆ ಹಾಕಿ. ‘ನಾನು ಹೊಡೆದಿಲ್ಲ, ಅವನೇ ಸುಳ್ಳು ಹೇಳ್ತಿದಾನೆ’ ಅನ್ನುವುದು ಡಿಸ್‌ಚಾರ್ಜಿಗೆ ಸಾಲದು. ಸುಳ್ಳೋ ನಿಜವೋ ಅನ್ನುವುದು ಸಾಕ್ಷಿಯ ಪಾಟಿ ಸವಾಲಿನಲ್ಲೇ ತಿಳಿಯಬೇಕು. ನಿಮ್ಮ ವಾದವನ್ನೆಲ್ಲ ಮೊದಲೇ ಬಿಚ್ಚಿಟ್ಟರೆ ಎದುರಿನವರು ಸಾಕ್ಷಿಗಳನ್ನು ಅದಕ್ಕೆ ತಕ್ಕ ಹಾಗೆ ತಯಾರು ಮಾಡುತ್ತಾರೆ ಅನ್ನುವುದನ್ನೂ ನೆನಪಿಡಿ.

‘ತಪ್ಪು ಒಪ್ಕೊಳ್ತೀಯಾ’ ಅಂತ ಕೇಳಿದ್ರೆ ಏನ್ ಹೇಳ್ಬೇಕು? ಒಪ್ಕೊಂಡು ದಂಡ ಕಟ್ಟಿ ಹೋದ್ರೆ ಮುಗೀತಲ್ವಾ?

ಆರೋಪವನ್ನು ಓದಿ ಹೇಳಿ, ಒಪ್ಪಿಕೊಳ್ಳುತ್ತೀರಾ ಅಥವಾ ವಿಚಾರಣೆ ಬೇಕಾ ಅಂತ ಕೇಳುತ್ತಾರೆ. ವಿಚಾರಣೆ ಬೇಕು ಅಂದರೆ ‘ಒಪ್ಪುವುದಿಲ್ಲ ಸ್ವಾಮಿ, ಕೇಸು ನಡೆಸುತ್ತೇನೆ’ ಅನ್ನಿ. ಅಷ್ಟೇ ಸಾಕು. ಅದರ ಹಿಂದೆ ಕಥೆ ಬೇಡ.

ಒಪ್ಪಿಕೊಂಡು ದಂಡ ಕಟ್ಟುವುದು ಹಬ್ಬದ ದಿನ ಅಂದರ್-ಬಾಹರ್ ಆಡಿ ಸಿಕ್ಕಿಬಿದ್ದವರಿಗೆಲ್ಲ ಸುಲಭದ ದಾರಿಯಾಗಿ ಕಾಣುತ್ತದೆ. ಓಡಾಟ ತಪ್ಪುತ್ತದೆ ನಿಜ. ಆದರೆ ಒಪ್ಪಿಕೊಂಡರೆ ದಾಖಲಾಗುವುದು ‘ಅಪರಾಧಿ’ ಅಂತ. ಐವತ್ತು ದಾಟಿದ ರೈತನಿಗೆ ಇದರಿಂದ ದೊಡ್ಡ ತೊಂದರೆ ಆಗಲಿಕ್ಕಿಲ್ಲ. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೋ ಸರ್ಕಾರಿ ಬಸ್ಸಿನ ಚಾಲಕ ಕೆಲಸಕ್ಕೋ ಅರ್ಜಿ ಹಾಕುವ ಹುಡುಗನಿಗೆ ನಡತೆ ಪರಿಶೀಲನೆಯಲ್ಲಿ ಅದೇ ಅಡ್ಡ ಬರುತ್ತದೆ. ಓದುವ ಮಕ್ಕಳು ಸಿಕ್ಕಿಹಾಕಿಕೊಂಡಿದ್ದರೆ ‘ದಂಡ ಕಟ್ಟಿ ಬಾ’ ಅನ್ನುವ ಊರ ಹಿರಿಯರ ಮಾತನ್ನು ಅವತ್ತೇ ಕೇಳಬೇಡಿ. ಒಂದು ತಾರೀಖು ಮುಂದಕ್ಕೆ ಕೇಳಿ, ಯೋಚನೆ ಮಾಡಿ.

ಇಬ್ರೂ ರಾಜಿ ಆಗಿದೀವಿ. ಇನ್ನೂ ಯಾಕೆ ತಾರೀಖು?

ಊರಲ್ಲಿ ರಾಜಿಯಾಗುವುದು ಕೋರ್ಟಿಗೆ ತಾನಾಗಿ ತಿಳಿಯುವುದಿಲ್ಲ. ಇಬ್ಬರೂ ಬಂದು ಅರ್ಜಿ ಕೊಟ್ಟು ಒಪ್ಪಿಗೆ ಹೇಳಬೇಕು. ಎಲ್ಲ ಕಲಮುಗಳಿಗೂ ರಾಜಿ ಇಲ್ಲ ಅನ್ನುವುದೇ ಇಲ್ಲಿನ ತೊಡಕು. ರಾಜಿಯಾಗಬಹುದಾದ ಅಪರಾಧಗಳ ಪಟ್ಟಿ ಬಿಎನ್‌ಎಸ್‌ಎಸ್ 359ರಲ್ಲಿದೆ. ಕೈಯಿಂದ ಹೊಡೆದದ್ದು, ಬೈದದ್ದು, ಬೆದರಿಕೆ ಹಾಕಿದ್ದು ಅದರಲ್ಲಿ ಬರುತ್ತವೆ. ಆಯುಧದಿಂದ ಗಾಯ ಮಾಡಿದ 118(1) ಬರುವುದಿಲ್ಲ. ಅಂಥ ಕೇಸನ್ನು ರಾಜಿಯ ಆಧಾರದ ಮೇಲೆ ಮುಗಿಸಲು ಹೈಕೋರ್ಟಿಗೆ ಹೋಗಬೇಕು. ರಾಜಿಯಾಗುವ ಕೇಸುಗಳನ್ನು ಲೋಕ ಅದಾಲತ್‌ಗೆ ಹಾಕಿಸಿಕೊಳ್ಳಬಹುದು. ಅಲ್ಲಿ ಆದ ತೀರ್ಮಾನದ ಮೇಲೆ ಅಪೀಲು ಇಲ್ಲ.

ಕೇಸಿಗೆ ಪ್ರತಿಕೇಸು ಇದ್ದರೆ ಎರಡನ್ನೂ ಒಂದೇ ದಿನ ಮುಗಿಸಿ. ಒಂದನ್ನು ರಾಜಿ ಮಾಡಿಕೊಂಡು ಇನ್ನೊಂದನ್ನು ‘ಆಮೇಲೆ’ ಅಂತ ಬಿಟ್ಟರೆ ಮುಂದಿನ ಪಂಚಾಯಿತಿ ಚುನಾವಣೆ ಹೊತ್ತಿಗೆ ಆ ಮಾತು ಉಳಿದಿರುವುದಿಲ್ಲ.

ಗೊಬ್ಬರದ ಅಂಗಡಿಗೆ ಭದ್ರತೆಗೆ ಅಂತ ಕೊಟ್ಟ ಖಾಲಿ ಚೆಕ್ಕು, ಅದರ ಮೇಲೆ ಕೇಸು ಹಾಕಿದಾರೆ. ಇದೂ ಹೀಗೇನಾ?

ಸಿಂಧನೂರು, ಮಾನ್ವಿಯ ಭತ್ತದ ಕಡೆಯಿಂದ ಈ ಪ್ರಶ್ನೆ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಚೆಕ್ ಬೌನ್ಸ್ ಕೇಸಿನಲ್ಲಿ ಪೊಲೀಸರೂ ಇಲ್ಲ, ಚಾರ್ಜ್‌ಶೀಟೂ ಇಲ್ಲ. ದುಡ್ಡು ಬರಬೇಕಾದವರೇ ಕೋರ್ಟಿಗೆ ದೂರು ಕೊಟ್ಟಿರುತ್ತಾರೆ. ಹಾಜರಾಗಿ ಜಾಮೀನು ಕೊಟ್ಟ ಮೇಲೆ ಆರೋಪ ಹೇಳಿ ಉತ್ತರ ಕೇಳುತ್ತಾರೆ. ಒಪ್ಪುವುದಿಲ್ಲ ಅಂದರೆ, ಚೆಕ್ಕಿನ ಮೊತ್ತದ 20 ಪರ್ಸೆಂಟ್ ಮೀರದಷ್ಟನ್ನು ಮಧ್ಯಂತರ ಪರಿಹಾರವಾಗಿ ಕಟ್ಟಲು ಕೋರ್ಟು ಹೇಳಬಹುದು. ಚೆಕ್ಕಿಗೆ ಸಂಬಂಧಿಸಿದ ನೆಗೋಷಿಯೇಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಗೆ 2018ರ ತಿದ್ದುಪಡಿಯಿಂದ ಬಂದ 143ಎ ಕಲಮು ಇದು. ಕಡ್ಡಾಯವಲ್ಲ, ನಿಮ್ಮ ವಾದ ಕೇಳಿಯೇ ತೀರ್ಮಾನಿಸಬೇಕು.

ಸಹಿ ನಿಮ್ಮದೇ ಆದರೆ ಸಾಲ ಇತ್ತು ಅಂತಲೇ ಕಾನೂನು ಮೊದಲು ಹಿಡಿಯುತ್ತದೆ. ಇಲ್ಲ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ಅಂಗಡಿಯ ಲೆಕ್ಕದ ಚೀಟಿ, ಫೋನ್‌ಪೇ ದಾಖಲೆ, ಭತ್ತ ಹಾಕಿದ ತೂಕದ ಚೀಟಿ ಎಲ್ಲವನ್ನೂ ಈಗಲೇ ಒಟ್ಟು ಮಾಡಿ. ನಿಜವಾಗಿ ಬಾಕಿ ಇದ್ದರೆ ಮೊದಲ ತಾರೀಖುಗಳಲ್ಲೇ ಮಾತುಕತೆ ಮಾಡುವುದು ಅಗ್ಗ.

ದೂರು ಕೊಟ್ಟವ್ನು ನಾನು. ನಾನೂ ಪ್ರತಿ ತಾರೀಖಿಗೆ ಹೋಗ್ಬೇಕಾ?

ಪೊಲೀಸ್ ಕೇಸಾದರೆ ಈ ಹಂತದಲ್ಲಿ ಬೇಕಿಲ್ಲ. ಸರ್ಕಾರಿ ಅಭಿಯೋಜಕರು ನಿಮ್ಮ ಪರವಾಗಿ ಇರುತ್ತಾರೆ, ಸಾಕ್ಷಿಗೆ ಸಮನ್ಸ್ ಬಂದಾಗ ಹೋಗಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ಪೊಲೀಸರು ನಿಮಗೆ ತಿಳಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ವಿಷಯ ಬೇರೆ: ಆರೋಪಿ ಜಾಮೀನು ಕೇಳಿದಾಗ ನಿಮಗೆ ತಿಳಿಸಬೇಕು, ನಿಮ್ಮ ಮಾತನ್ನೂ ಕೇಳಬೇಕು. ಅಂಥ ನೋಟಿಸ್ ಬಂದರೆ ತಪ್ಪಿಸಬೇಡಿ, ಬೆದರಿಕೆ ಇದ್ದರೆ ಹೇಳಲು ಅದೇ ಸರಿಯಾದ ದಿನ.

### ತಾರೀಖು ತಪ್ಪಿದಾಗ

ಗುಳೆ ಹೋಗಿದ್ವಿ. ತಾರೀಖು ತಪ್ಪಿ ವಾರಂಟ್ ಆಗಿದೆಯಂತೆ. ಈಗ ಊರಿಗೆ ಬರ್ಬಹುದಾ?

ಬರಬೇಕು, ಅದೂ ಬೇಗ. ನನ್ನ ಲೆಕ್ಕದಲ್ಲಿ ಈ ಜಿಲ್ಲೆಯಲ್ಲಿ ಜನ ಒಳಗೆ ಹೋಗುವುದಕ್ಕೆ ಮಾಡಿದ ಅಪರಾಧಕ್ಕಿಂತ ತಪ್ಪಿಸಿದ ತಾರೀಖೇ ಹೆಚ್ಚು ಸಲ ಕಾರಣ. ಬಿತ್ತನೆ ಮುಗಿಸಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಸಮನ್ಸ್ ಊರಿನ ಬೀಗ ಹಾಕಿದ ಮನೆಗೆ ಬರುತ್ತದೆ. ಮೂರ್ನಾಲ್ಕು ತಾರೀಖು ಹೋದ ಮೇಲೆ ಜಾಮೀನುರಹಿತ ವಾರಂಟ್. ಯುಗಾದಿಗೋ ಜಾತ್ರೆಗೋ ಬಂದಾಗ ಬೆಳಗಿನ ಜಾವ ಪೊಲೀಸರು ಬಾಗಿಲು ತಟ್ಟುತ್ತಾರೆ.

ಪೊಲೀಸರು ಹಿಡಿದು ತಂದಾಗಲೂ ವಾರಂಟ್ ರದ್ದಾಗಬಹುದು, ನೀವಾಗಿಯೇ ವಕೀಲರ ಜೊತೆ ಬಂದು ರೀಕಾಲ್ ಅರ್ಜಿ ಹಾಕಿದರೂ ರದ್ದಾಗಬಹುದು. ಎರಡಕ್ಕೂ ಬಹಳ ವ್ಯತ್ಯಾಸವಿದೆ. ತಾನಾಗಿ ಬಂದವರಿಗೆ ಹೆಚ್ಚಿನ ಸಲ ದಂಡವೋ ಹೊಸ ಬಾಂಡೋ ಹಾಕಿಸಿ ಬಿಡುತ್ತಾರೆ. ಬಾರದಿದ್ದದ್ದಕ್ಕೆ ಕಾರಣದ ಕಾಗದ ಇದ್ದರೆ ತನ್ನಿ: ಆಸ್ಪತ್ರೆ ಚೀಟಿ, ಮೇಸ್ತ್ರಿಯ ಪತ್ರ, ಏನಾದರೂ. ಜಾಮೀನು ಪಡೆದು ಕಾರಣವಿಲ್ಲದೆ ತಪ್ಪಿಸಿಕೊಂಡರೆ ಬಿಎನ್‌ಎಸ್ 269ರಡಿ ಅದೇ ಬೇರೊಂದು ಅಪರಾಧ, 1 ವರ್ಷದವರೆಗೆ ಶಿಕ್ಷೆ ಇದೆ. ನಿಮಗೆ ಜಾಮೀನು ನಿಂತ ಸಂಬಂಧಿಕರ ಮೇಲೂ ನೋಟಿಸ್ ಹೋಗುತ್ತದೆ, ಬಾಂಡಿನ ದುಡ್ಡು ಅವರು ಕಟ್ಟಬೇಕಾಗಬಹುದು. ನೆಂಟಸ್ತಿಕೆ ಕೆಡುವುದು ಅಲ್ಲಿಂದಲೇ.

ಗುಳೆ ಹೋಗುವುದು ಖಾತ್ರಿ ಇದ್ದರೆ ಮೊದಲೇ ದಾರಿ ಮಾಡಿಕೊಳ್ಳಿ. ಒಂದು ದಿನ ಬರಲಾಗದಿದ್ದರೆ ವಕೀಲರು ವಿನಾಯಿತಿ ಅರ್ಜಿ ಹಾಕುತ್ತಾರೆ. ದೂರದಲ್ಲೇ ಇರುವವರು, ಬಾಣಂತಿಯರು, ವಯಸ್ಸಾದವರು ಬಿಎನ್‌ಎಸ್‌ಎಸ್ 228ರಡಿ ಖುದ್ದು ಹಾಜರಿಯಿಂದಲೇ ವಿನಾಯಿತಿ ಕೇಳಬಹುದು, ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ. ಸಿಕ್ಕರೂ ಆರೋಪ ಓದುವ ದಿನದಂಥ ಮುಖ್ಯ ತಾರೀಖಿಗೆ ಬನ್ನಿ ಅಂದರೆ ಬರಲೇಬೇಕು.

ಮುಂದಿನ ತಾರೀಖು ಯಾವಾಗ ಅಂತ ಮನೇಲಿ ಕೂತು ತಿಳ್ಕೊಳ್ಳೋದು ಹೇಗೆ?

ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಹಾಕಿಕೊಳ್ಳಿ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ ಇರುತ್ತದೆ, ಅದನ್ನು ಹಾಕಿದರೆ ತಾರೀಖು, ಹಂತ, ಆದೇಶ ಎಲ್ಲ ಕಾಣುತ್ತದೆ. ಪುಕ್ಕಟೆ. ಆ ದಿನದ ಮಾಹಿತಿ ಕೆಲವೊಮ್ಮೆ ತಡವಾಗಿ ಏರುತ್ತದೆ, ಸಂಜೆ ಮತ್ತೊಮ್ಮೆ ನೋಡಿ.

### ಇನ್ನೂ ಸ್ವಲ್ಪ ಮುಂದಕ್ಕೆ

ಒಳಗೇ ಇದ್ದು ವರ್ಷಗಳಾದವು, ಕೇಸೇ ಶುರುವಾಗಿಲ್ಲ. ಏನಾದ್ರೂ ದಾರಿ ಇದೆಯಾ?

ಬಿಎನ್‌ಎಸ್‌ಎಸ್ 479 ನೋಡಿಸಿ. ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಅವಧಿ ಒಳಗಿದ್ದವರನ್ನು ಜಾಮೀನಿನ ಮೇಲೆ ಬಿಡಬೇಕು. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ಮೊದಲ ಸಲದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ, ಜೀವಾವಧಿ ಇರುವ ಅಪರಾಧಕ್ಕೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಅಪರಾಧ ಅಥವಾ ಕೇಸು ಬಾಕಿ ಇದ್ದವರಿಗೂ ಇಲ್ಲ. ಅವಧಿ ತುಂಬಿದಾಗ ಜೈಲಿನ ಅಧಿಕಾರಿಯೇ ಕೋರ್ಟಿಗೆ ಅರ್ಜಿ ಬರೆಯಬೇಕು. ಅವರು ಬರೆಯದಿದ್ದರೆ ಮನೆಯವರು ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಿ.

ಶಿಕ್ಷೆ ಕಡಿಮೆ ಮಾಡ್ಸೋ ಮಾತುಕತೆ ಕಾನೂನಲ್ಲೇ ಇದೆಯಂತೆ, ಹೌದಾ?

ಇದೆ. ಪ್ಲೀ ಬಾರ್ಗೇನಿಂಗ್ ಅನ್ನುತ್ತಾರೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ. ಹೆಂಗಸರ ಮೇಲಿನ, ಮಕ್ಕಳ ಮೇಲಿನ ಅಪರಾಧಕ್ಕೆ ಇಲ್ಲ. ಚಾರ್ಜ್ ಆದ 30 ದಿನದೊಳಗೆ ಅರ್ಜಿ ಹಾಕಬೇಕು. ನಮ್ಮ ಕಡೆ ಇದನ್ನು ಬಳಸುವವರು ಕಡಿಮೆ. ರಾಜಿಗೆ ಬರದ 118(1) ಥರದ ಕೇಸಿನಲ್ಲಿ, ಗಾಯವಾದವರಿಗೆ ಪರಿಹಾರ ಕೊಟ್ಟು ಮುಗಿಸಲು ಇದೊಂದು ಒಳ್ಳೆಯ ದಾರಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಕೊನೆಗೆ ಇದೂ ತಪ್ಪೊಪ್ಪಿಗೆಯೇ, ಸರ್ಕಾರಿ ಕೆಲಸದ ಆಸೆ ಇರುವವರು ಒಪ್ಪಿಕೊಂಡು ದಂಡ ಕಟ್ಟುವುದರ ಬಗೆಗಿನ ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ.

ಕೇಸನ್ನೇ ವಜಾ ಮಾಡ್ಸೋಕೆ ಹೈಕೋರ್ಟಿಗೆ ಹೋಗ್ಬೇಕಂದ್ರೆ ಬೆಂಗಳೂರಿಗೇ ಹೋಗ್ಬೇಕಾ?

ಬೇಕಿಲ್ಲ. ರಾಯಚೂರು ಜಿಲ್ಲೆಯ ಕೇಸುಗಳು ಕಲಬುರಗಿ ಪೀಠಕ್ಕೆ ಹೋಗುತ್ತವೆ. ಪಕ್ಕದ ಕೊಪ್ಪಳ, ಬಳ್ಳಾರಿಯವರಿಗೆ ಧಾರವಾಡ ಪೀಠ. ಜಗಳ ಗಂಗಾವತಿಯಲ್ಲಿ ನಡೆದು ನೀವು ಸಿಂಧನೂರಿನವರಾಗಿದ್ದರೆ ನೋಡಬೇಕಾದದ್ದು ಕೇಸು ಯಾವ ಕೋರ್ಟಿನಲ್ಲಿದೆ ಅಂತ. ಆಗ ನಿಮಗೂ ಧಾರವಾಡವೇ.

ಬಿಎನ್‌ಎಸ್‌ಎಸ್ 528ರಡಿ ಈ ಅರ್ಜಿ ಹಾಕುತ್ತಾರೆ. ಹಾಕಿದ ಕೂಡಲೇ ಇಲ್ಲಿನ ಕೇಸು ತಾನಾಗಿ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಕ್ಕಿ, ಅದರ ಪ್ರತಿ ಕೆಳಗಿನ ಕೋರ್ಟಿಗೆ ತಲುಪುವ ತನಕ ಇಲ್ಲಿನ ಪ್ರತಿ ತಾರೀಖಿಗೂ ಹಾಜರಿರಬೇಕು. ‘ಹೈಕೋರ್ಟಲ್ಲಿ ಹಾಕಿದೀವಲ್ಲ’ ಅಂತ ಮನೆಯಲ್ಲಿ ಕೂತು ವಾರಂಟ್ ತಂದುಕೊಂಡವರು ಪ್ರತಿ ವರ್ಷ ಸಿಗುತ್ತಾರೆ.